ಹೇಜ್ ಎಂಬ ಗಾಂಜಾ ತಳಿಯೊಳಗಿನ 'ದಕ್ಷಿಣ ಭಾರತ' ಯಾವುದು? ವಂಶ, ವಾಸನೆ, ಅಮಲಿನ ಬಗ್ಗೆ ಮಾತಾಡೋಣ

ಬೀಜದಬುಟ್ಟಿ (ನೆದರ್ಲೆಂಡ್ಸ್)

ಎಲ್ಲರಿಗೂ ನಮಸ್ಕಾರ. ನಾನು ಶಿರಸಿ ಕಡೆಯವನು. ಇಲ್ಲಿ ತರಕಾರಿ ಬೀಜದ ತಳಿ ತೆಗೆಯುವುದು ನನ್ನ ಕೆಲಸ. ಟೊಮೆಟೊ, ದೊಣ್ಣೆಮೆಣಸು. ಗಾಂಜಾ ನನ್ನ ಕಸುಬಲ್ಲ, ಸೇದುವ ಅಭ್ಯಾಸವೂ ಇಲ್ಲ. ಆದರೆ ಒಂದು ಗಿಡದ ಅಪ್ಪ ಅಮ್ಮ ಯಾರು, ಅಜ್ಜ ಅಜ್ಜಿ ಯಾರು ಅಂತ ಹುಡುಕಿಕೊಂಡು ಹೋಗುವುದು ಚಿಕ್ಕಂದಿನಿಂದ ನನಗಿರುವ ಹುಚ್ಚು. ನಮ್ಮ ಊರಲ್ಲಿ ಅಪ್ಪೆಮಿಡಿ ಮರಗಳಿಗೂ ಹೆಸರಿದೆ, ಮನೆತನ ಇದೆ. ಬಹುಶಃ ಅಲ್ಲಿಂದಲೇ ಹತ್ತಿದ್ದು.

ಎರಡು ವರ್ಷದಿಂದ ಹೇಜ್ ಅನ್ನುವ ತಳಿಯ ಹಿಂದೆ ಬಿದ್ದಿದ್ದೇನೆ. ಇಂದು ಜಗತ್ತಿನಲ್ಲಿ 'ಸೆಟಿವಾ' ಅಂತ ಮಾರುವ ಗಾಂಜಾ ತಳಿಗಳಲ್ಲಿ ದೊಡ್ಡ ಪಾಲಿನ ಮೂಲ ಇದೇ. ಸೂಪರ್ ಸಿಲ್ವರ್ ಹೇಜ್, ಜ್ಯಾಕ್ ಹೆರರ್, ಅಮ್ನೀಶಿಯಾ ಹೇಜ್, ಎಲ್ಲವೂ ಇದರ ಮಕ್ಕಳು, ಮೊಮ್ಮಕ್ಕಳು.

ಹುಟ್ಟಿದ್ದು ಕ್ಯಾಲಿಫೋರ್ನಿಯಾದ ಸಾಂತಾ ಕ್ರೂಸ್ ಸುತ್ತಮುತ್ತ, 1960ರ ದಶಕದ ಕೊನೆ, 70ರ ದಶಕದ ಮೊದಲ ವರ್ಷಗಳಲ್ಲಿ. 'ಹೇಜ್ ಸಹೋದರರು' ಅಂತ ಕರೆಸಿಕೊಂಡ ಇಬ್ಬರು ಬೆಳೆದಿದ್ದು. ಆಗ ಅಮೆರಿಕಕ್ಕೆ ಕದ್ದು ಬರುತ್ತಿದ್ದ ಗಾಂಜಾದಲ್ಲಿ ಬೀಜ ಇರುತ್ತಿತ್ತು. ಆ ಬೀಜವನ್ನೇ ಬಿತ್ತಿ, ಒಂದಕ್ಕೊಂದು ಸೇರಿಸಿ, ವರ್ಷ ವರ್ಷ ಒಳ್ಳೆಯ ಗಿಡ ಆರಿಸಿಕೊಂಡು ಹೋದರು. ಮೂಲ ಬೀಜಗಳ ಪಟ್ಟಿ ಸಾಮಾನ್ಯವಾಗಿ ಹೀಗೆ ಹೇಳುತ್ತಾರೆ: ಮೆಕ್ಸಿಕೊ, ಕೊಲಂಬಿಯಾ, ಥಾಯ್ಲೆಂಡ್, ದಕ್ಷಿಣ ಭಾರತ.

ಈ ನಾಲ್ಕನೆಯದರ ಹತ್ತಿರ ಬಂದು ನಾನು ನಿಂತುಬಿಟ್ಟೆ. ಮೆಕ್ಸಿಕೊ ಅಂದರೆ ಯಾವ ಬೆಟ್ಟ, ಕೊಲಂಬಿಯಾ ಅಂದರೆ ಯಾವ ಕಣಿವೆ ಅಂತ ಆ ಕಾಲದವರು ಗಂಟೆಗಟ್ಟಲೆ ಮಾತಾಡುತ್ತಾರೆ. ನಮ್ಮದು ಬರೀ 'ದಕ್ಷಿಣ ಭಾರತ'. ಕೆಲವರು ಕೇರಳ ಅನ್ನುತ್ತಾರೆ. ಎಲ್ಲವೂ ಬಾಯಿಮಾತು. ಕಾನೂನಿಗೆ ಹೆದರಿ ಬಚ್ಚಿಟ್ಟು ಬೆಳೆದ ಬೆಳೆಗೆ ಯಾರು ಲೆಕ್ಕದ ಪುಸ್ತಕ ಇಡುತ್ತಾರೆ ಹೇಳಿ?

ಮುಂದಿನ ಕಥೆ ನಾನಿರುವ ಈ ದೇಶದ್ದು. ಸಹೋದರರ ನೆರೆಯವನಾಗಿದ್ದ ಡೇವಿಡ್ ವಾಟ್ಸನ್ 1980ರ ದಶಕದ ನಡುವೆ ಹೇಜ್ ಬೀಜವನ್ನು ನೆದರ್ಲೆಂಡ್ಸ್‌ಗೆ ತಂದ. ಅದೇ ಕಾಲಕ್ಕೆ ನೆವಿಲ್ ಸ್ಕೂನ್‌ಮಾಕರ್ಸ್ ಇಲ್ಲಿ ಬೀಜದ ವ್ಯಾಪಾರ ಶುರುಮಾಡಿದ್ದ. ಅವನ ಜಾಗ ನೈಮೇಗನ್ ಊರಿನ ಹತ್ತಿರ. ನಮ್ಮ ಮನೆಯಿಂದ ಸೈಕಲ್‌ನಲ್ಲಿ ಹೋಗಿ ಬರಬಹುದು. ಹೇಜ್‌ನ ದೊಡ್ಡ ತೊಂದರೆ ಏನಂದರೆ, ಅದು ಹೂ ಮಾಗಿಸಲು 14ರಿಂದ 16 ವಾರ ತೆಗೆದುಕೊಳ್ಳುತ್ತದೆ. ಯೂರೋಪಿನಲ್ಲಿ ಅಷ್ಟರೊಳಗೆ ಹಿಮ ಬೀಳುತ್ತದೆ. ನೆವಿಲ್ ಅದನ್ನು ನಾರ್ದರ್ನ್ ಲೈಟ್ಸ್ 5 ಅನ್ನುವ ಗಿಡ್ಡ ತಳಿಗೆ ಸೇರಿಸಿದ. ಅದರಲ್ಲಿ ಅಫ್ಘಾನಿಸ್ತಾನದ ರಕ್ತ ಜಾಸ್ತಿ, ಎಂಟು ವಾರಕ್ಕೆಲ್ಲ ಮಾಗುತ್ತದೆ. ಮಗು ಹೇಜ್‌ನ ಕಂಪು, ನಾರ್ದರ್ನ್ ಲೈಟ್ಸ್‌ನ ಅವಸರ ಎರಡನ್ನೂ ತಂದುಕೊಂಡಿತು. ಆಮೇಲೆ ಸ್ಕಂಕ್ ತಳಿಯೂ ಸೇರಿ ಸೂಪರ್ ಸಿಲ್ವರ್ ಹೇಜ್ ಆಯಿತು. ಅದು 1997, 98, 99, ಮೂರೂ ವರ್ಷ ಆಮ್‌ಸ್ಟರ್‌ಡ್ಯಾಮ್‌ನ ಕ್ಯಾನಬಿಸ್ ಕಪ್ ಗೆದ್ದಿತು.

ನನ್ನ ಪ್ರಶ್ನೆ ಇಷ್ಟೇ. ನಮ್ಮ ಕಡೆಯ ನಾಟಿ ಗಾಂಜಾದ ಗುಣ, ವಾಸನೆ ಗೊತ್ತಿರುವವರು, ಹಿರಿಯರಿಂದ ಕೇಳಿದವರು ಯಾರಾದರೂ ಇದ್ದೀರಾ?

ನಿರ್ವಾಹಕ

ವಿಷಯ ಒಳ್ಳೆಯದು, ಚರ್ಚೆ ನಡೆಯಲಿ. ಒಂದು ಮಾತು. ಬೀಜ ಎಲ್ಲಿ ಸಿಗುತ್ತೆ, ಹೇಗೆ ಬೆಳೆಸೋದು, ಹೇಗೆ ತರಿಸಿಕೊಳ್ಳೋದು ಅನ್ನುವ ಪ್ರಶ್ನೆಗಳನ್ನು ಅಳಿಸುತ್ತೇವೆ. ಭಾರತದಲ್ಲಿ 1985ರ ಮಾದಕ ವಸ್ತು ಕಾಯ್ದೆ ಗಾಂಜಾಕ್ಕೂ ಅನ್ವಯಿಸುತ್ತದೆ. ಹೊರದೇಶದಲ್ಲಿರುವವರು ಅಲ್ಲಿ ಸಿಗುತ್ತೆ ಅಂತ ಊರಿಗೆ ಬರುವಾಗ ಜೇಬಲ್ಲಿ ಇಟ್ಟುಕೊಂಡು ಬರಬೇಡಿ.

ಪ್ರಶ್ನೆಪತ್ರಿಕೆ (ಧಾರವಾಡ)

ಸರ್, ನಾನು ಸಸ್ಯಶಾಸ್ತ್ರ ಎಂ.ಎಸ್ಸಿ. ಓದ್ತಾ ಇದ್ದೀನಿ. ಒಂದು ಗೊಂದಲ. ಸೆಟಿವಾ ಅಂದರೆ ಎತ್ತರ, ತೆಳು ಎಲೆ, ಚುರುಕು ಮಾಡುತ್ತೆ. ಇಂಡಿಕಾ ಅಂದರೆ ಗಿಡ್ಡ, ಅಗಲ ಎಲೆ, ನಿದ್ದೆ ಬರಿಸುತ್ತೆ. ಎಲ್ಲ ಕಡೆ ಇದನ್ನೇ ಬರೆದಿರುತ್ತಾರೆ. ಇಂಡಿಕಾ ಅಂದರೆ ಭಾರತದ್ದು ಅಂತ ಅರ್ಥ ಅಲ್ವಾ? ಮತ್ತೆ ದಕ್ಷಿಣ ಭಾರತದ ಗಿಡ ಸೆಟಿವಾ ಪಟ್ಟಿಗೆ ಹೇಗೆ ಬಂತು?

ಬೀಜದಬುಟ್ಟಿ

ತಂಗಿ, ಸರಿಯಾದ ಜಾಗಕ್ಕೇ ಕೈ ಹಾಕಿದೆ. ಇಡೀ ಗಲಿಬಿಲಿ ಅಲ್ಲೇ ಇರುವುದು.

ಸಸ್ಯಶಾಸ್ತ್ರಜ್ಞ ಲಿನಿಯಸ್ 1753ರಲ್ಲಿ ಸೆಟಿವಾ ಅಂತ ಹೆಸರಿಟ್ಟಿದ್ದು ಯೂರೋಪಿನಲ್ಲಿ ನಾರಿಗೆ ಬೆಳೆಯುತ್ತಿದ್ದ ಗಿಡಕ್ಕೆ. ಹಗ್ಗ, ಹಾಯಿಬಟ್ಟೆ ಮಾಡುವ ಗಿಡ. ಅದರಲ್ಲಿ ಅಮಲು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. 1785ರಲ್ಲಿ ಲಮಾರ್ಕ್ ಭಾರತದಿಂದ ಬಂದ ಗಿಡಗಳನ್ನು ನೋಡಿ, ಇದು ಬೇರೆ, ಇದು ತಲೆಗೆ ಹತ್ತುತ್ತದೆ ಅಂತ ಇಂಡಿಕಾ ಅಂತ ಕರೆದ. ಅವನು ವರ್ಣಿಸಿದ ಇಂಡಿಕಾಗೆ ಎಲೆ ತೆಳು! ಅಂದರೆ ನಮ್ಮ ಕೇರಳದ, ನಮ್ಮ ಘಟ್ಟದ ಎತ್ತರದ ಗಿಡ ಲಮಾರ್ಕ್ ಲೆಕ್ಕದಲ್ಲಿ ಅಪ್ಪಟ ಇಂಡಿಕಾ.

ಹೆಸರು ಉಲ್ಟಾ ಆಗಿದ್ದು 1970ರ ದಶಕದಲ್ಲಿ. ಅಫ್ಘಾನಿಸ್ತಾನದ ಗಿಡ್ಡ, ಅಗಲ ಎಲೆಯ ಗಿಡಗಳನ್ನು ನೋಡಿದ ಅಮೆರಿಕದ ಸಸ್ಯಶಾಸ್ತ್ರಜ್ಞರು ಅವಕ್ಕೆ ಇಂಡಿಕಾ ಅಂದರು. ಹಾಗಾಗಿ ತೆಳು ಎಲೆಯದು ತಾನಾಗಿಯೇ ಸೆಟಿವಾ ಆಯಿತು. ಬೆಳೆಗಾರರು ಅದನ್ನೇ ಹಿಡಿದುಕೊಂಡರು. ಭಾರತದ ಗಿಡದಿಂದ ಭಾರತದ ಹೆಸರು ಕಿತ್ತು ಅಫ್ಘಾನಿಸ್ತಾನದ ಗಿಡಕ್ಕೆ ಅಂಟಿಸಿದ ಹಾಗಾಯಿತು. ನನಗೆ ಇದು ನಿಜಕ್ಕೂ ಬೇಜಾರಿನ ವಿಷಯ.

1976ರಲ್ಲಿ ಸ್ಮಾಲ್ ಮತ್ತು ಕ್ರಾಂಕ್ವಿಸ್ಟ್ ಎಂಬ ಇಬ್ಬರು ಎಲ್ಲವೂ ಒಂದೇ ಜಾತಿ, ಒಳಗೆ ಎರಡು ಉಪಜಾತಿ ಅಂದರು. ಗೆರೆ ಎಳೆದಿದ್ದು ಟಿಎಚ್‌ಸಿ, ಅಂದರೆ ಅಮಲು ಕೊಡುವ ಅಂಶ, 0.3 ಪ್ರತಿಶತ ಇರುವಲ್ಲಿ. ತಮ್ಮ ಅನುಕೂಲಕ್ಕೆ ಎಳೆದ ಗೆರೆ ಅದು. ಇವತ್ತು ಅಮೆರಿಕದ ಕಾನೂನಿನಲ್ಲೂ, ನಮ್ಮ ಉತ್ತರಾಖಂಡದ ನಾರಿನ ಬೆಳೆಯ ನಿಯಮದಲ್ಲೂ ಅದೇ 0.3 ಇದೆ.

ಕೆಂಪುಸೇತುವೆ (ಕ್ಯಾಲಿಫೋರ್ನಿಯಾ)

ಬುಟ್ಟಿ ಅಣ್ಣಾ, ನನ್ನ ಅನುಭವ ಹೇಳ್ತೀನಿ. ನಾನಿರುವ ರಾಜ್ಯದಲ್ಲಿ 21 ದಾಟಿದವರಿಗೆ ಇದು ಕಾನೂನುಬದ್ಧ. ವರ್ಷಕ್ಕೆ ನಾಲ್ಕೈದು ಸಲ, ಶನಿವಾರ ಸಂಜೆ, ಸ್ನೇಹಿತರ ಜೊತೆ. ಸೂಪರ್ ಸಿಲ್ವರ್ ಹೇಜ್ ಅಂತ ಒಂದು ಅಂಗಡಿಯಿಂದ ತಂದಿದ್ದೆ. ಹಗುರ ಅನ್ನಿಸಿತು. ಮಾತು ಜಾಸ್ತಿ, ನಗು ಜಾಸ್ತಿ, ಹಳೆ ಹಾಡು ಕೇಳ್ತಾ ಕೂತಿದ್ದೆವು. ಆರು ತಿಂಗಳ ನಂತರ ಅದೇ ಹೆಸರು, ಬೇರೆ ಅಂಗಡಿ. ಎರಡು ಎಳೆತಕ್ಕೆ ಎದೆ ಢವಢವ. ಕೈ ತಣ್ಣಗಾಯಿತು. ಗಡಿಯಾರ ನೋಡಿದರೆ ಬರೀ ಆರು ನಿಮಿಷ ಆಗಿತ್ತು, ನನಗೆ ಒಂದು ಗಂಟೆ ಆದ ಹಾಗೆ. ಸತ್ತೇ ಹೋಗ್ತೀನಿ ಅಂತ ಹೆಂಡತಿಗೆ ಹೇಳಿದೆ. ಅವಳು ಪಕ್ಕದಲ್ಲಿ ಕೂತು ನೀರು ಕುಡಿಸಿ, ಬೆನ್ನು ಸವರುತ್ತಾ ಎರಡು ಗಂಟೆ ಕಳೆದಳು. ಒಂದೇ ತಳಿ ಹೀಗೆ ಎರಡು ಥರ ಆಗೋದು ಹೇಗೆ?

ಬೀಜದಬುಟ್ಟಿ

ಒಂದೇ ತಳಿ ಅಂತ ಯಾರು ಹೇಳಿದ್ದು? ಡಬ್ಬಿಯ ಮೇಲಿನ ಹೆಸರು ಹೇಳಿದ್ದು.

ನಮ್ಮ ಮಾವಿನಿಂದ ಅರ್ಥ ಮಾಡಿಕೊಳ್ಳೋಣ. ಆಪೂಸಿನ ಗೊರಟೆ ನೆಟ್ಟರೆ ಆಪೂಸೇ ಬರುತ್ತಾ? ಬರಲ್ಲ. ಹುಳಿ ಬರಬಹುದು, ನಾರು ಬರಬಹುದು, ಕೆಲವೊಮ್ಮೆ ಅಪ್ಪನಿಗಿಂತ ಚೆನ್ನಾಗಿಯೂ ಬರಬಹುದು. ಆಪೂಸೇ ಬೇಕು ಅಂದರೆ ಕಸಿ ಕಟ್ಟಬೇಕು. ಗಾಂಜಾದಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಅಂದರೆ ಪ್ರತಿ ಬೀಜಕ್ಕೂ ಇಬ್ಬರು ಪಾಲಕರು, ಪ್ರತಿ ಬೀಜವೂ ಬೇರೆ. ಅದರಲ್ಲೂ ಹೇಜ್ ನಾಲ್ಕು ದೇಶದ ಬೆರಕೆ. ಅದರ ಬೀಜ ಹತ್ತು ಹಾಕಿದರೆ ಹತ್ತು ಮುಖ. ಒಂದೇ ಗಿಡದ ಟೊಂಗೆಯಿಂದ ಬೆಳೆಸಿದ್ದು ಮಾತ್ರ ನಿಜವಾಗಿ ಒಂದೇ. ಅಂಗಡಿಗೆ ಬರುವಾಗ ಯಾವುದು ಟೊಂಗೆಯದು, ಯಾವುದು ಬೀಜದ್ದು, ಯಾವುದಕ್ಕೆ ಸುಮ್ನೆ ಹೆಸರು ಹಚ್ಚಿದ್ದು ಅಂತ ನಿಮಗೆ ಗೊತ್ತಾಗಲ್ಲ.

2019ರಲ್ಲಿ ಅಮೆರಿಕದ ಸಂಶೋಧಕರು 30 ತಳಿ ಹೆಸರಿನ 122 ಮಾದರಿಗಳನ್ನು ಅಂಗಡಿಗಳಿಂದ ತಂದು ವಂಶವಾಹಿ ನೋಡಿದರು. ಬಹುಪಾಲು ಹೆಸರುಗಳಲ್ಲಿ ಕನಿಷ್ಠ ಒಂದಾದರೂ ಮಾದರಿ ಉಳಿದವುಗಳಿಗೆ ಹೊಂದಲಿಲ್ಲ. ಸೆಟಿವಾ, ಇಂಡಿಕಾ ಅನ್ನುವ ವಿಂಗಡಣೆಯೂ ವಂಶವಾಹಿಯಲ್ಲಿ ಸ್ಪಷ್ಟವಾಗಿ ಕಾಣಲಿಲ್ಲ.

ನಿಮ್ಮ ಎರಡೂ ಡಬ್ಬಿಯ ಚೀಟಿ ಇಟ್ಟಿದ್ದೀರಾ? ಅಲ್ಲಿ ಪರೀಕ್ಷೆಯ ಅಂಕಿ ಬರೆದಿರುತ್ತಾರೆ.

ಕೆಂಪುಸೇತುವೆ

ಫೋಟೊ ಇದೆ. ಮೊದಲನೆಯದು ಟಿಎಚ್‌ಸಿ 17, ಟರ್ಪಿನೊಲೀನ್ ಅನ್ನೋದು ಮೇಲಿದೆ. ಎರಡನೆಯದು ಟಿಎಚ್‌ಸಿ 27, ಮೇಲೆ ಮಿರ್ಸೀನ್.

ಬೀಜದಬುಟ್ಟಿ

ನೋಡಿ, ಉತ್ತರದ ಅರ್ಧ ಅಲ್ಲೇ ಇದೆ. ಅದೇ ಎರಡು ಎಳೆತ, ಆದರೆ ಒಂದೂವರೆ ಪಟ್ಟು ಮದ್ದು. ವಾಸನೆಯೂ ಬೇರೆ ಇತ್ತಾ?

ಕೆಂಪುಸೇತುವೆ

ಈಗ ಕೇಳಿದ ಮೇಲೆ ನೆನಪಾಗುತ್ತೆ. ಮೊದಲನೆಯದು ಪೂಜೆ ಮನೆ ಥರ ಇತ್ತು. ಎರಡನೆಯದು ಹಸಿ ಮಣ್ಣು, ಕೊಳೆತ ಹಣ್ಣಿನ ಥರ.

ಕಾಳುಮೆಣಸು (ಸಕಲೇಶಪುರ)

ಈ ಟರ್ಪಿನೊಲೀನ್, ಮಿರ್ಸೀನ್ ಎಲ್ಲ ಏನು ಸ್ವಾಮಿ? ನಾವು ಮೆಣಸು, ಏಲಕ್ಕಿ ಬೆಳೆಯೋರು. ಕಂಪಿನ ವಿಷಯ ಬಂದರೆ ಕಿವಿ ನಿಮಿರುತ್ತೆ. ಬಿಡಿಸಿ ಹೇಳಿ.

ಬೀಜದಬುಟ್ಟಿ

ನಿಮ್ಮಂಥವರು ಕೇಳಿದರೆ ಹೇಳೋಕೆ ಖುಷಿ.

ಮೊದಲು ಒಂದು ವಿಷಯ. ಅಮಲು ಕೊಡುವ ಟಿಎಚ್‌ಸಿಗೆ ವಾಸನೆಯೇ ಇಲ್ಲ. ಹೂವಿನ ಮೇಲೆ ಬರಿಗಣ್ಣಿಗೆ ಸಕ್ಕರೆ ಪುಡಿ ಉದುರಿಸಿದ ಹಾಗೆ ಕಾಣುವ ಅಂಟಿನ ಹನಿಗಳಿರುತ್ತವೆ. ಟಿಎಚ್‌ಸಿ ಆಗುವ ಆಮ್ಲವೂ, ಕಂಪಿನ ಎಣ್ಣೆಗಳೂ ಆ ಹನಿಯಲ್ಲೇ ತಯಾರಾಗುತ್ತವೆ. ಕಂಪಿನ ಎಣ್ಣೆಗಳನ್ನು ಟರ್ಪೀನ್ ಅನ್ನುತ್ತಾರೆ. ಇವು ಗಾಂಜಾದ ಸ್ವತ್ತೇನಲ್ಲ. ನಿಮ್ಮ ಕಾಳುಮೆಣಸಿನ ಘಾಟಿನಲ್ಲಿರುವ ಕ್ಯಾರಿಯೊಫಿಲೀನ್ ಇದರಲ್ಲೂ ಇದೆ. ನಿಂಬೆ, ಕಿತ್ತಳೆ ಸಿಪ್ಪೆಯ ಲಿಮೊನೀನ್ ಇದೆ. ಪೈನ್ ಮರದ ಪೈನೀನ್ ಇದೆ. ತುಳಸಿ ಕುಲದ ಹೆಸರಿಂದಲೇ ಹೆಸರು ಪಡೆದ ಓಸಿಮೀನ್ ಇದೆ. ಮಿರ್ಸೀನ್ ಮಾವಿನ ಕಾಯಿಯ ಸೊನೆಯಲ್ಲೂ ಉಂಟು. ನಮ್ಮ ಶಿರಸಿ ಅಪ್ಪೆಮಿಡಿಯ ತೊಟ್ಟು ಮುರಿದರೆ ಬರುವ ಕಂಪು ಇದೇ ಬಳಗದ್ದು. ಜೀರಿಗೆ ಅಪ್ಪೆ ಬೇರೆ, ಅನಂತಭಟ್ಟನ ಅಪ್ಪೆ ಬೇರೆ ಅಂತ ಅಜ್ಜಿ ಕಣ್ಣು ಮುಚ್ಚಿ ಸೊನೆ ಮೂಸಿ ಹೇಳುತ್ತಿದ್ದಳು. ಅವಳು ಮಾಡುತ್ತಿದ್ದದ್ದು ಟರ್ಪೀನ್ ಪರೀಕ್ಷೆಯೇ.

ಹೇಜ್ ಬಳಗದಲ್ಲಿ ಹಲವು ಗಿಡಗಳ ಗುರುತು ಟರ್ಪಿನೊಲೀನ್. ಜ್ಯಾಕ್ ಹೆರರ್‌ನಲ್ಲಿ ಅದು ಎದ್ದು ಕಾಣುತ್ತದೆ. ಬೇರೆ ಬಹಳಷ್ಟು ತಳಿಗಳಲ್ಲಿ ಅದು ಹೆಸರಿಗೆ ಮಾತ್ರ.

ಇಲ್ಲಿ ಒಬ್ಬ ಸ್ನೇಹಿತನ ಮನೆಯಲ್ಲಿ ಒಂದು ಹೇಜ್ ನೋಡಿದ್ದೆ. ಗಾಜಿನ ಭರಣಿಯಲ್ಲಿಟ್ಟಿದ್ದ. ಅಡುಗೆಮನೆ ಮೇಜಿನ ಮೇಲೆ ಬಿಳಿ ಹಾಳೆ ಹಾಸಿ ಒಂದು ತೆನೆ ಇಟ್ಟ. ಗಟ್ಟಿ ಉಂಡೆ ಅಲ್ಲ. ಸಡಿಲ, ಉದ್ದ, ನವಣೆ ತೆನೆ ಒಣಗಿದ ಹಾಗೆ. ನಡುವೆ ಕಂದು ಬಣ್ಣದ ಕೂದಲಿನಂಥ ಎಳೆ. ಬೆರಳಲ್ಲಿ ಮೆಲ್ಲಗೆ ಒತ್ತಿದೆ. ಮೊದಲು ಬಂದಿದ್ದು ನಿಂಬೆ ಸಿಪ್ಪೆ. ಅದು ಒಂದು ಉಸಿರಿಗೆ ಹೋಯಿತು. ಹಿಂದೆಯೇ ಸಾಂಬ್ರಾಣಿ. ಬರೀ ಸಾಂಬ್ರಾಣಿ ಅಲ್ಲ, ಹಾಲುಮಡ್ಡಿ ಕೆಂಡಕ್ಕೆ ಹಾಕಿ ಆರುವಾಗ ಬರುತ್ತಲ್ಲ, ಆ ಥರ. ಕೊನೆಗೆ ಬೆರಳಲ್ಲಿ ಉಳಿದದ್ದು ಜಜ್ಜಿದ ಮೆಣಸು. ಸೋಪು ಹಾಕಿ ತೊಳೆದರೂ ರಾತ್ರಿ ಊಟದ ಹೊತ್ತಿಗೂ ಇತ್ತು. ಮೂಸಿದ್ದು ಇಲ್ಲಿ, ನೆನಪಾದದ್ದು ನಮ್ಮ ಊರ ಗುಡಿಯ ಸಂಜೆ.

ಕಾಳುಮೆಣಸು

ಮೆಣಸು ಕೊನೆಗೆ ಉಳಿಯೋದು ಸರಿಯೇ. ಅದರ ಎಣ್ಣೆ ಭಾರ, ಬೇಗ ಹಾರಲ್ಲ. ನಿಂಬೆಯದು ಹಗುರ. ನಾವು ಮೆಣಸನ್ನು ಜಾಸ್ತಿ ಬಿಸಿಲಿಗೆ ಹಾಕಿದರೆ ಮೇಲಿನ ಕಂಪು ಹೋಗಿ ಬರೀ ಖಾರ ಉಳಿಯುತ್ತೆ.

ಬೀಜದಬುಟ್ಟಿ

ಇಲ್ಲೂ ಅದೇ ಕತೆ. ಹಳೆಯದಾದ ಹೂವಲ್ಲಿ ಟರ್ಪಿನೊಲೀನ್, ಮಿರ್ಸೀನ್ ಹಾರಿಹೋಗಿ ಕ್ಯಾರಿಯೊಫಿಲೀನ್ ಮೇಲೆ ಬರುತ್ತೆ. ಅದೇ ಗಿಡ, ಆರು ತಿಂಗಳಿಗೆ ಬೇರೆ ಗಿಡದ ವಾಸನೆ.

ಸ್ಕಂಕ್ ಸೇರಿದ ತಳಿಗಳ ಕೆಟ್ಟ ನಾತಕ್ಕೆ ಟರ್ಪೀನ್ ಕಾರಣ ಅಂತ ಬಹಳ ಕಾಲ ನಂಬಿದ್ದರು. 2021ರಲ್ಲಿ ಅದು ಗಂಧಕ ಇರುವ ಒಂದು ಸಂಯುಕ್ತ ಅಂತ ತೋರಿಸಿದರು. ಬೆಳ್ಳುಳ್ಳಿ ನಾತದ ನೆಂಟ. ಪ್ರಮಾಣ ಲೆಕ್ಕಕ್ಕೆ ಸಿಗದಷ್ಟು ಕಡಿಮೆ, ಮೂಗಿಗೆ ಮಾತ್ರ ರಾಚುತ್ತೆ.

ಪ್ರಶ್ನೆಪತ್ರಿಕೆ

ಹಾಗಾದರೆ ಚುರುಕು, ನಿದ್ದೆ ಇವೆಲ್ಲ ಟರ್ಪೀನ್‌ನಿಂದ ಬರೋದಾ ಸರ್? ಮಾವಿನ ಹಣ್ಣು ತಿಂದು ಸೇದಿದರೆ ಜಾಸ್ತಿ ಏರುತ್ತೆ ಅಂತ ಹಾಸ್ಟೆಲಿನಲ್ಲಿ ಹೇಳ್ತಾರೆ.

ಬೀಜದಬುಟ್ಟಿ

ಮಾವಿನ ಮಾತು ಬಿಡು. ಹಣ್ಣಿನಲ್ಲಿರುವ ಮಿರ್ಸೀನ್ ಅತ್ಯಲ್ಪ. ಅದಕ್ಕೆ ಆಧಾರವೇ ಇಲ್ಲ.

ಟರ್ಪೀನ್ ವಿಷಯದಲ್ಲಿ ಇಷ್ಟು ಹೇಳಬಹುದು. 2021ರಲ್ಲಿ ನೆದರ್ಲೆಂಡ್ಸ್‌ನ ಮಾದರಿಗಳ ಮೇಲೆ ಒಂದು ಅಧ್ಯಯನ ಬಂತು. ಸೆಟಿವಾ, ಇಂಡಿಕಾ ಅನ್ನುವ ಚೀಟಿಗೂ ಇಡೀ ವಂಶವಾಹಿಗೂ ಸಂಬಂಧ ತೀರಾ ಕಡಿಮೆ. ಆದರೆ ಕೆಲವೇ ಕೆಲವು ಟರ್ಪೀನ್‌ಗಳಿಗೂ ಆ ಚೀಟಿಗೂ ಸಂಬಂಧ ಕಂಡಿತು. ಅಂದರೆ ಬೆಳೆಗಾರರು ಬಹುಶಃ ಮೂಗಿನಿಂದಲೇ ಸೆಟಿವಾ, ಇಂಡಿಕಾ ಅಂತ ಬೇರೆ ಮಾಡುತ್ತಾ ಬಂದಿದ್ದಾರೆ. ಇದು ನನಗೆ ತುಂಬಾ ಇಷ್ಟವಾದ ಅಧ್ಯಯನ.

ಇನ್ನೊಂದು 2024ರದ್ದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನಲ್ಲಿ 20 ಜನರಿಗೆ ಟಿಎಚ್‌ಸಿ ಜೊತೆ ಲಿಮೊನೀನ್ ಆವಿ ಕೊಟ್ಟು ನೋಡಿದರು. ಲಿಮೊನೀನ್ ಜಾಸ್ತಿ ಆದಾಗ ಟಿಎಚ್‌ಸಿ ತರುವ ಗಾಬರಿ ಕಡಿಮೆಯಾಯಿತು. ಆದರೆ ಕೊಟ್ಟ ಪ್ರಮಾಣ ಹೂವಿನಲ್ಲಿ ಸಾಮಾನ್ಯವಾಗಿ ಇರುವುದಕ್ಕಿಂತ ದೊಡ್ಡದು. ಇದನ್ನು ಓದಿ ನಿಂಬೆ ವಾಸನೆ ಇದ್ದರೆ ಭಯವಿಲ್ಲ ಅಂದುಕೊಳ್ಳಬೇಡಿ.

ಮೆದುಳಿನಲ್ಲಿ ಕೆಲಸ ಮಾಡುವುದು ಮುಖ್ಯವಾಗಿ ಟಿಎಚ್‌ಸಿಯೇ. ನಮ್ಮ ಮೆದುಳು ತಾನೇ ಮಾಡಿಕೊಳ್ಳುವ ಒಂದು ವಸ್ತುವಿನ ಬಾಗಿಲಿಗೆ ಹೋಗಿ ಅದು ಕೂರುತ್ತೆ. 1992ರಲ್ಲಿ ಆ ವಸ್ತು ಸಿಕ್ಕಿತು. ಇಸ್ರೇಲಿನ ರಾಫೆಲ್ ಮೆಶೂಲಂ ಅವರ ಪ್ರಯೋಗಾಲಯ. ಅದಕ್ಕೆ ಇಟ್ಟ ಹೆಸರು ಆನಂದಮೈಡ್. ಹೌದು, ನಮ್ಮ 'ಆನಂದ'ವೇ.

ಸಂಜೆಮಲ್ಲಿಗೆ (ಡೆನ್ ಹಾಗ್)

ಇಷ್ಟು ಹೊತ್ತು ಓದುತ್ತಾ ಇದ್ದೆ. ನಮ್ಮ ಮನೆಯ ವಿಷಯ ಹೇಳಲೇಬೇಕು ಅನ್ನಿಸಿತು. ನಮ್ಮ ಯಜಮಾನರಿಗೆ ನರದ ಕಾಯಿಲೆ, ಮಲ್ಟಿಪಲ್ ಸ್ಕ್ಲೆರೋಸಿಸ್. ರಾತ್ರಿ ಕಾಲಿನ ಸ್ನಾಯು ಮರದ ಕೊರಡಿನ ಹಾಗೆ ಬಿಗಿಯುತ್ತಿತ್ತು. ಇಲ್ಲಿ 2003ರಿಂದ ಔಷಧ ಅಂಗಡಿಯಲ್ಲಿ ವೈದ್ಯರ ಚೀಟಿಯ ಮೇಲೆ ಗಾಂಜಾ ಕೊಡುತ್ತಾರೆ. ಬೆಡ್ರೊಕ್ಯಾನ್ ಅಂತ. ಡಬ್ಬಿ ನೋಡಿದರೆ ಬೇರೆ ಯಾವುದೇ ಮಾತ್ರೆಯ ಡಬ್ಬಿ ಇದ್ದ ಹಾಗೆ. ಟಿಎಚ್‌ಸಿ 22 ಪ್ರತಿಶತ, ಅಮಲು ಕೊಡದ ಸಿಬಿಡಿ 1ಕ್ಕಿಂತ ಕಡಿಮೆ ಅಂತ ಬರೆದಿರುತ್ತೆ.

ಮೊದಲು ಕೊಟ್ಟಿದ್ದು ಅದನ್ನೇ. ಸೇದುವುದಲ್ಲ, ಯಂತ್ರದಲ್ಲಿ ಆವಿ. ಮೊದಲ ರಾತ್ರಿ ಕಾಲು ಸಡಿಲವಾಯಿತು, ನಿಜ. ಆದರೆ ಅವರಿಗೆ ತಲೆಯೊಳಗೆ ಜಾತ್ರೆ. ನಿದ್ದೆ ಬರಲಿಲ್ಲ. ನಾಡಿ ಎಣಿಸಿದೆ, ನಿಮಿಷಕ್ಕೆ 118. ಎದ್ದು ನಿಂತಾಗ ತಲೆ ಸುತ್ತಿ ಗೋಡೆ ಹಿಡಿದರು. ಬೀಳುತ್ತಿದ್ದರು, ಸ್ವಲ್ಪದರಲ್ಲಿ ತಪ್ಪಿತು. ಬೆಳಿಗ್ಗೆ ವೈದ್ಯರಿಗೆ ಹೇಳಿದೆವು. ಪ್ರಮಾಣ ಅರ್ಧ ಮಾಡಿದರು. ಆಮೇಲೆ ತಳಿಯನ್ನೇ ಬದಲಿಸಿ ಟಿಎಚ್‌ಸಿ, ಸಿಬಿಡಿ ಎರಡೂ ಇರುವ ಬೆಡಿಯೋಲ್ ಕೊಟ್ಟರು. ಅದರಲ್ಲಿ ಟಿಎಚ್‌ಸಿ ಆರು ಚಿಲ್ಲರೆ, ಸಿಬಿಡಿ ಎಂಟು. ಈಗ ರಾತ್ರಿ ನಾಲ್ಕೈದು ಗಂಟೆ ಮಲಗುತ್ತಾರೆ. ಎರಡೂ ಡಬ್ಬಿಯ ಮೇಲೆ ಸೆಟಿವಾ ಅಂತಲೇ ಇದೆ ಬುಟ್ಟಿ ಅವರೇ. ಒಂದು ತಲೆ ತಿರುಗಿಸಿತು, ಇನ್ನೊಂದು ನಿದ್ದೆ ಕೊಟ್ಟಿತು.

ಬೀಜದಬುಟ್ಟಿ

ಅಕ್ಕಾ, ನಾನು ಇಷ್ಟುದ್ದ ಹೇಳಲು ಹೊರಟಿದ್ದನ್ನು ನೀವು ಎರಡು ಸಾಲಿನಲ್ಲಿ ಹೇಳಿಬಿಟ್ಟಿರಿ. ಯಜಮಾನರು ಹುಷಾರಾಗಿರಲಿ.

ಪ್ರಶ್ನೆಪತ್ರಿಕೆಗೆ ಇದರ ವಂಶವಾಹಿ ಪಾಠವನ್ನೂ ಹೇಳಿಬಿಡುತ್ತೇನೆ. ಗಿಡ ಮೊದಲು ಸಿಬಿಜಿ ಆಮ್ಲ ಅನ್ನುವ ಒಂದೇ ಹಿಟ್ಟು ಕಲಸುತ್ತದೆ. ಅದರಿಂದ ಒಂದು ಕಿಣ್ವ ಟಿಎಚ್‌ಸಿಯ ಆಮ್ಲ ಮಾಡುತ್ತೆ, ಇನ್ನೊಂದು ಸಿಬಿಡಿಯ ಆಮ್ಲ ಮಾಡುತ್ತೆ. ಒಂದೇ ಹಿಟ್ಟು, ಎರಡು ಒಲೆ. ಅಪ್ಪ ಅಮ್ಮ ಇಬ್ಬರಿಂದಲೂ ಟಿಎಚ್‌ಸಿ ಒಲೆಯೇ ಬಂದರೆ ಹೇಜ್ ಥರದ ಗಿಡ. ಇಬ್ಬರಿಂದಲೂ ಸಿಬಿಡಿ ಒಲೆ ಬಂದರೆ ನಾರಿನ ಗಿಡದ ಥರ. ಒಂದೊಂದು ಬಂದರೆ ಎರಡೂ ಬೆರೆತ ಗಿಡ, ಅಕ್ಕನ ಮನೆಯ ಎರಡನೇ ಡಬ್ಬಿಯ ಥರ. 2003ರಲ್ಲಿ ಈ ಲೆಕ್ಕವನ್ನು ಗಿಡಗಳನ್ನು ಸೇರಿಸಿ ತೋರಿಸಿದರು. ಇದಕ್ಕೂ ಎಲೆಯ ಅಗಲಕ್ಕೂ ಸಂಬಂಧವಿಲ್ಲ.

ರಾತ್ರಿಪಾಳಿ (ಬೆಂಗಳೂರು)

ನಾನು ಮನೋವೈದ್ಯೆ. ಕಂಪಿನ ಮಾತು ಓದಿ ಖುಷಿಯಾಯಿತು, ಆದರೆ ನನ್ನ ಕಡೆಯಿಂದ ಕಾಣುವುದನ್ನೂ ಹೇಳಬೇಕು. ರಾತ್ರಿ ಎರಡು ಗಂಟೆಗೆ ಅಪ್ಪ ಅಮ್ಮ ಮಗನನ್ನು ಹಿಡಿದುಕೊಂಡು ಬರುತ್ತಾರೆ. ಇಪ್ಪತ್ತರ ಆಸುಪಾಸಿನ ಹುಡುಗ. ಫೋನಿನೊಳಗೆ ಯಾರೋ ತನ್ನ ಯೋಚನೆ ಕೇಳಿಸಿಕೊಳ್ಳುತ್ತಿದ್ದಾರೆ ಅನ್ನುತ್ತಾನೆ. ಕೇಳಿದರೆ ಒಂದು ವರ್ಷದಿಂದ ದಿನಾ ಸೇದುತ್ತಿದ್ದ. "ಇದು ಸೆಟಿವಾ ಡಾಕ್ಟ್ರೇ, ಓದೋಕೆ ಗಮನ ಬರುತ್ತೆ ಅಂತ ತಗೊಂಡೆ" ಅನ್ನುತ್ತಾನೆ. ಈ ಮಾತನ್ನು ನಾನು ಒಂದಲ್ಲ, ಹಲವು ಸಲ ಕೇಳಿದ್ದೇನೆ.

2019ರಲ್ಲಿ ಲ್ಯಾನ್ಸೆಟ್ ಸೈಕಿಯಾಟ್ರಿಯಲ್ಲಿ ಯೂರೋಪಿನ ಹಲವು ಊರುಗಳೂ ಬ್ರೆಜಿಲಿನ ಒಂದು ಜಾಗವೂ ಸೇರಿದ ಅಧ್ಯಯನ ಬಂತು. ಟಿಎಚ್‌ಸಿ 10 ಪ್ರತಿಶತ ಮತ್ತು ಮೇಲಿನದನ್ನು ದಿನಾ ಬಳಸುವವರಲ್ಲಿ, ಎಂದೂ ಬಳಸದವರಿಗಿಂತ ಚಿತ್ತವಿಕಲತೆಯ ಸಾಧ್ಯತೆ ಸುಮಾರು ಐದು ಪಟ್ಟು. ಇಲ್ಲಿ ಮಾತಾಡುತ್ತಿರುವುದು 17, 22, 27ರ ಬಗ್ಗೆ. ಹೇಜ್ ಸಹೋದರರ ಕಾಲದ ಗಾಂಜಾ ಅಲ್ಲ ಇದು. ಮನೆಯಲ್ಲಿ ಯಾರಿಗಾದರೂ ಸ್ಕಿಜೋಫ್ರೀನಿಯಾ ಇದ್ದರೆ, ವಯಸ್ಸು ಇಪ್ಪತ್ತೈದರೊಳಗಿದ್ದರೆ, ಬಸುರಿಯಾಗಿದ್ದರೆ, ಎದೆಯ ತೊಂದರೆ ಇದ್ದರೆ ಹತ್ತಿರ ಸುಳಿಯಬೇಡಿ. ತಿನ್ನುವ ರೂಪದ್ದು ಇನ್ನೂ ಮೋಸ. ಒಂದೂವರೆ ಗಂಟೆ ಏನೂ ಆಗಲಿಲ್ಲ ಅಂತ ಇನ್ನೊಂದು ತಿನ್ನುತ್ತಾರೆ, ಆಮೇಲೆ ಎರಡೂ ಒಟ್ಟಿಗೆ ಏರುತ್ತೆ.

ಬಿಡಬೇಕು ಅನ್ನಿಸಿದವರು, ಮನೆಯವರ ಬಗ್ಗೆ ಚಿಂತೆ ಇರುವವರು ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಪೊಲೀಸರಿಗೆ ಹೇಳುತ್ತಾರೆ ಅಂತ ಹೆದರಬೇಡಿ.

ಪ್ರಶ್ನೆಪತ್ರಿಕೆ

ಮೇಡಂ, ನಿಮ್ಮ ಮಾತು ಹಾಸ್ಟೆಲಿನ ಗೆಳತಿಯರಿಗೆ ಕಳಿಸಿದೆ. ಥ್ಯಾಂಕ್ಸ್.

ಸುರಪುರದ ಮೇಷ್ಟ್ರು

ಬುಟ್ಟಿಯವರು ಮೊದಲು ಕೇಳಿದ ಪ್ರಶ್ನೆಗೆ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ. ನನಗೆ ಗೊತ್ತಿರುವಷ್ಟು ಹೇಳುತ್ತೇನೆ.

ನಮ್ಮ ಕಡೆ ಅವಧೂತರು, ಆರೂಢರು, ಶರಣರ ಗದ್ದುಗೆಗಳಲ್ಲಿ ಗಾಂಜಾ ಹೊಸದಲ್ಲ. ತಿಂಥಣಿ ಮೌನೇಶ್ವರನ ಸನ್ನಿಧಿಯಲ್ಲಿ ಪ್ರಸಾದವಾಗಿ ಕೊಡುವ ವಿಷಯ 2020ರಲ್ಲಿ ಪತ್ರಿಕೆಗಳಲ್ಲೂ ಬಂದಿತ್ತು. ಅದು ಧ್ಯಾನಕ್ಕೆ ಕೂರುವವರ ದಾರಿ. ಅದನ್ನು ನೆಪ ಮಾಡಿಕೊಂಡು ದಿನಾ ಸೇದುವ ಹುಡುಗರನ್ನು ಕಂಡರೆ ನನಗೂ ಸಂಕಟವಾಗುತ್ತದೆ. ಡಾಕ್ಟರಮ್ಮ ಹೇಳಿದ್ದು ಸರಿ.

ನಮ್ಮ ಓಣಿಯಲ್ಲಿ ಒಬ್ಬ ಮುದುಕಪ್ಪ ಇದ್ದರು. ಭಜನೆ ಹಾಡುತ್ತಿದ್ದರು. ನಾನು ಏಳನೇ ಇಯತ್ತೆ. ಅವರು ಚಿಲುಮೆ ಕಟ್ಟುವುದನ್ನು ಕಟ್ಟೆಯ ಮೇಲೆ ಕೂತು ನೋಡುತ್ತಿದ್ದೆ. ಒಣ ತೆನೆಯನ್ನು ಅಂಗೈಯಲ್ಲಿ ಹಾಕಿ ಬೀಜ ಆರಿಸಿ ತೆಗೆಯುತ್ತಿದ್ದರು. ಎರಡು ಹನಿ ನೀರು ಹಾಕಿ ಹೆಬ್ಬೆರಳಿಂದ ತಿಕ್ಕುತ್ತಿದ್ದರು. ಹಸಿರು ನೀರು ಬಂದರೆ ಹಿಂಡಿ ಚೆಲ್ಲುತ್ತಿದ್ದರು. ಮತ್ತೆ ತಿಕ್ಕುವುದು. ಆಮೇಲೆ ಅಂಗೈಯನ್ನು ಮೂಗಿಗೆ ಹಿಡಿದು ಕಣ್ಣು ಮುಚ್ಚುತ್ತಿದ್ದರು. ವಾಸನೆ ಮನಸ್ಸಿಗೆ ಬರದಿದ್ದರೆ ಅಷ್ಟನ್ನೂ ಗಿಡದ ಬುಡಕ್ಕೆ ಸುರಿಯುತ್ತಿದ್ದರು. ಸೆಟಿವಾ ಇಂಡಿಕಾ ಅವರಿಗೇನು ಗೊತ್ತು. ಮೂಗೇ ಅವರಿಗೆ ಚೀಟಿ.

ಬೀಜದಬುಟ್ಟಿ

ಮೇಷ್ಟ್ರೇ, ಓದುತ್ತಾ ಮೈ ಜುಮ್ಮೆಂದಿತು. ಬೀಜ ಇರುತ್ತಿತ್ತು ಅಂದಿರಲ್ಲ, ಅಂದರೆ ಗಂಡು ಗಿಡ ಕೀಳದೆ ಬಿಟ್ಟ ಬೆಳೆ. ಬಂಗಾಳದ ನೌಗಾಂವ್ ಸೀಮೆಯಲ್ಲಿ ಬ್ರಿಟಿಷರ ಕಾಲದಲ್ಲಿ ಸರ್ಕಾರದ ಲೈಸೆನ್ಸ್ ಮೇಲೆ ಬೆಳೆಯುವಾಗ, ಗಂಡು ಗಿಡ ಹುಡುಕಿ ಕೀಳಲು ಪೋದ್ದಾರ್ ಅನ್ನುವ ನುರಿತವರನ್ನೇ ಕರೆಸುತ್ತಿದ್ದರು. 1893-94ರ ಗಾಂಜಾ ಆಯೋಗದ ವರದಿಯಲ್ಲಿ ಅದರ ವಿವರ ಇದೆ. ಅಮೆರಿಕದವರು 70ರ ದಶಕದಲ್ಲಿ ಹೊಸದು ಅಂತ ಹೇಳಿಕೊಂಡ ವಿದ್ಯೆ ಅದು.

ಒಂದು ಕೇಳಲಾ? ಮುದುಕಪ್ಪ ಯಾವ ಊರಿನ ಮಾಲು ಅಂತ ಹೆಸರು ಹೇಳುತ್ತಿದ್ದರಾ? ಯಾವುದು ಅವರಿಗೆ ಮನಸ್ಸಿಗೆ ಬರುತ್ತಿತ್ತು?

ಸುರಪುರದ ಮೇಷ್ಟ್ರು

ಊರ ಹೆಸರು ಹೇಳಿದ್ದು ನೆನಪಿಲ್ಲ. ಎರಡೇ ಮಾತು. ಒಂದು 'ಬಯಲದ್ದು', ಇನ್ನೊಂದು 'ಘಟ್ಟದ್ದು'. ಬಯಲದ್ದಕ್ಕೆ ಘಾಟು ಭಾಳ ಅನ್ನುತ್ತಿದ್ದರು. ಘಟ್ಟದ್ದು ಅಪರೂಪಕ್ಕೆ, ಕೆಳಗಿನಿಂದ ಬರುವ ಸಾಧುಗಳ ಕೈಯಲ್ಲಿ ಸಿಗುತ್ತಿತ್ತು. ಅದು ಸಿಕ್ಕ ದಿನ ಅಂಗೈಯನ್ನು ನನ್ನ ಮೂಗಿನ ಹತ್ತಿರವೂ ಹಿಡಿದಿದ್ದರು. "ನೋಡೋ ತಮ್ಮಾ, ಗುಡಿಯಾಗ ಲೋಬಾನ ಹಾಕಿದಂಗ ಐತಿ" ಅಂದಿದ್ದರು. ಲೋಬಾನ ಅಂದರೆ ಸಾಂಬ್ರಾಣಿ.

ಬೀಜದಬುಟ್ಟಿ

ಯಾವ ವರ್ಷ ಅದು ಮೇಷ್ಟ್ರೇ?

ಸುರಪುರದ ಮೇಷ್ಟ್ರು

ನಾನು ಏಳನೇ ಇಯತ್ತೆ ಅಂದರೆ 1970. ಆ ವರ್ಷವೇ ಪರೀಕ್ಷೆ ಮುಗಿದ ಮೇಲೆ ಮುದುಕಪ್ಪ ತೀರಿಕೊಂಡರು.

ಬೀಜದಬುಟ್ಟಿ

ಒಬ್ಬರ ಮೂಗು, ಒಬ್ಬರ ನೆನಪು. ಇದರಿಂದ ವಂಶಾವಳಿ ಬರೆಯಲಾಗದು, ಅದು ನನಗೆ ಗೊತ್ತು. ಆದರೂ ನನ್ನ ಪುಸ್ತಕದಲ್ಲಿ 'ದಕ್ಷಿಣ ಭಾರತ' ಅಂತ ಬರೆದಿದ್ದ ಜಾಗದ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದುಕೊಂಡೆ: ಘಟ್ಟದ್ದು, ಲೋಬಾನದ ವಾಸನೆ, ಸುರಪುರ, 1970. ಘಟ್ಟದ ಕೆಳಗಿನವರು, ಕೊಡಗಿನವರು, ವಯನಾಡಿನ ಕಡೆ ನೆಂಟರಿರುವವರು ಯಾರಾದರೂ ಇದ್ದರೆ ಮನೆಯ ಹಿರಿಯರನ್ನು ಒಮ್ಮೆ ಕೇಳಿ ನೋಡಿ. ಬೀಜ ಬೇಡ, ಎಲೆ ಬೇಡ. ಅವರು ಅದನ್ನು ಏನಂತ ಕರೆಯುತ್ತಿದ್ದರು, ಯಾವ ವಾಸನೆ ಅನ್ನುತ್ತಿದ್ದರು, ಅಷ್ಟು ಸಾಕು.